ಮೂವತ್ತೆರಡು ಒಲೆಗಳ ಮಣ್ಣು

ನಾನು ಒಳಗೆ ಕಾಲಿಡುವ ಮುಂಚೆ ಆಫೀಸಿನ ಜವಾನ ನೆಲಕ್ಕೆ ಹಳೇ ಪೇಪರು ಹಾಸಿದ. ಬಾಗಿಲ ಹತ್ತಿರ ಎರಡೇ ಹಾಳೆ, ನಾನು ನಿಲ್ಲುವಷ್ಟು. ಹದಿನಾಲ್ಕು ವರ್ಷದಿಂದ ಹೀಗೇ. ಆ ನೆಲ ನಾವು ಅಗೆದ ಕಲ್ಲಿನದು. ಗೋಡೆಗೆ ಬಳಿದದ್ದು ನಾವು ಸುಟ್ಟ ಸುಣ್ಣ. ಆದರೆ ನಮ್ಮ ಪಾದದ ಬಿಳಿ ಗುರುತು ಮಾತ್ರ ಅಲ್ಲಿ ಬೀಳಬಾರದು. ಮೇಜಿನ ಕೆಳಗೆ ಮ್ಯಾನೇಜರನ ನಾಯಿ ಮಲಗಿತ್ತು. ಅದಕ್ಕೆ ಯಾರೂ ಪೇಪರು ಹಾಸಿದ್ದನ್ನು ನಾನು ನೋಡಿಲ್ಲ.

ಮ್ಯಾನೇಜರು ಊಟ ಮುಗಿಸಿ ಹಲ್ಲಿನ ಸಂದಿ ಕೆದಕುತ್ತಿದ್ದ. ಕಡ್ಡಿಯ ತುದಿಗೆ ಬಂದದ್ದನ್ನು ಒಮ್ಮೆ ನೋಡಿದ. ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡ. ನಾನು ಮೈತುಂಬ ಸುಣ್ಣದ ಹುಡಿ ಮೆತ್ತಿಕೊಂಡವಳು, ಗಲೀಜು ಹೆಂಗಸು. ಅವನು ಚೊಕ್ಕ ಮನುಷ್ಯ.

ಪಕ್ಕದ ಕುರ್ಚಿಯಲ್ಲಿ ಕಲ್ಲುನೆಕ್ಕ ಕೂತಿದ್ದ. ಅವನು ಕಂಪನಿ ಕರೆಸಿದ ಕಲ್ಲಿನ ತಜ್ಞ. ಯಾವ ಕಲ್ಲು ಕೊಟ್ಟರೂ ನಾಲಿಗೆ ಚಾಚಿ ಒದ್ದೆ ಮಾಡಿ ನೋಡುತ್ತಾನೆ, ಹಾಗಾಗಿ ನಮ್ಮ ಕಾಲೋನಿ ಅವನಿಗೆ ಆ ಹೆಸರಿಟ್ಟಿತ್ತು.

"ಐದನೇ ತೂತಿನ ಪೆಟ್ಟಿಗೆ ಜೋಡಿಸಿದ್ದು ನೀನೇ ಅಲ್ವಾ?" ಎಂದ ಮ್ಯಾನೇಜರು.

"ಎಲ್ಲಾ ನಾನೇ ಸಾರ್."

"ಅದರಲ್ಲಿ ಮರದ ತುಂಡು ಜಾಸ್ತಿ ಕಾಣ್ತಿದೆ."

"ಕಲ್ಲು ಬರದೇ ಇರೋ ಕಡೆ ಇಟ್ಟಿದೀನಿ. ಇವರೇ ಹೇಳಿಕೊಟ್ಟಿದ್ದು."

ವಿಷಯ ಇಷ್ಟು. ನಮ್ಮ ಸುಣ್ಣದ ಕಲ್ಲಿನ ಗಣಿ ಮೂರು ಕಡೆ ಮುಗಿದುಹೋಗಿದೆ. ನಾಲ್ಕನೇ ಕಡೆ ಗಣಿಯವರ ಕಾಲೋನಿ, ಮೂವತ್ತೆರಡು ಮನೆ. ಉಳಿದ ಒಳ್ಳೆಯ ಕಲ್ಲೆಲ್ಲ ಇರುವುದು ನಮ್ಮ ಮನೆಗಳ ಅಡಿಯಲ್ಲಿ. ಮೇಲಿನಿಂದ ಅಗೆಯುವುದಾದರೆ ನಮ್ಮನ್ನು ಎಬ್ಬಿಸಬೇಕು, ಬೇರೆ ಕಡೆ ಮನೆ ಕಟ್ಟಿಕೊಡಬೇಕು. ಅದು ಯಾರಿಗೆ ಬೇಕು? ಕಂಪನಿ ಬೇರೆ ದಾರಿ ಹುಡುಕಿತು. ನಾವು ಮೇಲೆ ಇದ್ದಹಾಗೇ ಇರುವುದು, ಅವರು ನೆಲದೊಳಗೆ ಸುರಂಗ ಹೊಕ್ಕು ಕೆಳಗಿನಿಂದ ಕಲ್ಲು ತೆಗೆಯುವುದು. ಅಲ್ಲಲ್ಲಿ ಕಲ್ಲಿನ ಕಂಬ ಬಿಡುತ್ತಾರಂತೆ. ಕಂಬದ ಮೇಲೆ ಛಾವಣಿ, ಛಾವಣಿಯ ಮೇಲೆ ನಮ್ಮ ಮಕ್ಕಳು, ಪಾತ್ರೆ, ಹಾಸಿಗೆ.

ಇದು ಆಗುವ ಮಾತೇ ಎಂದು ನೋಡಲು ಕಾಲೋನಿಯ ಸುತ್ತ ಒಂಬತ್ತು ಕಡೆ ಯಂತ್ರದಿಂದ ತೂತು ಕೊರೆದರು. ಯಂತ್ರ ನಡೆಸಿದವನು ನನ್ನ ಮೈದುನ. ತೂತಿನೊಳಗಿನಿಂದ ಕಲ್ಲು ದುಂಡಗೆ, ಉದ್ದಕ್ಕೆ ಬರುತ್ತದೆ. ಸಾಹೇಬರು ಅದನ್ನು ಕೋರ್ ಎನ್ನುತ್ತಾರೆ, ನಾವು ಲಟ್ಟಣಿಗೆ ಎನ್ನುತ್ತೇವೆ. ಅದನ್ನು ತೊಳೆದು, ಮೇಲಿನದು ಮೊದಲು ಕೆಳಗಿನದು ಆಮೇಲೆ ಎಂದು ಪೆಟ್ಟಿಗೆಯ ಸಾಲುಗಳಲ್ಲಿ ಮಲಗಿಸುವವಳು ನಾನು. ನಡುವೆ ಎಲ್ಲಾದರೂ ಕಲ್ಲೇ ಬರದಿದ್ದರೆ ಅಲ್ಲಿ ಅಷ್ಟೇ ಉದ್ದದ ಮರದ ತುಂಡು ಇಡಬೇಕು. ಎಷ್ಟು ಮೀಟರಿನಿಂದ ಎಷ್ಟು ಮೀಟರಿನವರೆಗೆ ಎಂದು ಅದರ ಮೇಲೆ ಬರೆಯಬೇಕು. ಅಂಕಿ ಬರೆಯುವುದನ್ನು ನನಗೆ ಕಲಿಸಿದವನು ನನ್ನ ಗಂಡ. ಮರದ ತುಂಡು ಇದೆ ಎಂದರೆ ಅಲ್ಲಿ ನೆಲದೊಳಗೆ ಕಲ್ಲಿಲ್ಲ ಎಂದರ್ಥ.

"ನಾಳೆ ದುಡ್ಡು ಹಾಕೋರು ಬರ್ತಿದಾರೆ," ಎಂದ ಮ್ಯಾನೇಜರು. "ಪೆಟ್ಟಿಗೆ ನೋಡ್ತಾರೆ. ಅವರಿಗೆ ಹಲ್ಲು ಬಿದ್ದ ಬಾಯಿ ತೋರಿಸೋಕಾಗಲ್ಲ. ಆ ತುಂಡೆಲ್ಲ ತೆಗೆದು ಬಿಸಾಕು. ಎರಡನೇ ತೂತಿನ ಗಟ್ಟಿ ಕಲ್ಲು ಮಿಕ್ಕಿದೆಯಲ್ಲ, ಅದನ್ನ ಕತ್ತರಿಸಿ ತುಂಬು. ಮುಖ ಕೂಡದಿದ್ರೆ ಉಜ್ಜು. ಹೊಲಿಗೆ ಕಾಣಬಾರ್ದು."

ಒಡೆದ ಕಲ್ಲಿನ ಎರಡು ಮುಖ ಯಾವುದಕ್ಕೆ ಯಾವುದು ಕೂಡುತ್ತದೆ ಎಂಬುದು ಅಲ್ಲಿ ನನಗೊಬ್ಬಳಿಗೇ ಗೊತ್ತು. ಅದಕ್ಕೇ ನನ್ನನ್ನು ಪೇಪರಿನ ಮೇಲೆ ನಿಲ್ಲಿಸಿದ್ದರು.

ಅವರಿಬ್ಬರೂ ತಮ್ಮತಮ್ಮಲ್ಲೇ ಮಾತಾಡಿಕೊಂಡರು, ನಾನು ಗೋಡೆಗೆ ಒರಗಿಸಿಟ್ಟ ಪೊರಕೆ ಎಂಬ ಹಾಗೆ.

"ಐದನೇದರಲ್ಲಿ ಮೂರು ಮೀಟರ್ ಬರೀ ಮಣ್ಣು ಸಾರ್," ಎಂದ ಕಲ್ಲುನೆಕ್ಕ. "ನಾಲ್ಕು, ಆರು, ಏಳರಲ್ಲೂ ಅದೇ ಪದರ. ಅದರ ಕೆಳಗೆ ಕಲ್ಲು ತೆಗೆದ್ರೆ ಛಾವಣಿ ನಿಲ್ಲಲ್ಲ. ನೋಡಿದ್ರೆ ಅವರು ಒಪ್ಪಲ್ಲ."

"ನೋಡಿದ್ರೆ ತಾನೇ?"

"ಅದೇ. ನಮ್ಮ ಪುಣ್ಯ, ಇವಳು ಮಣ್ಣನ್ನೆಲ್ಲ ತೊಳೆದು ಚೊಕ್ಕ ಮಾಡಿಬಿಟ್ಟಿದಾಳೆ. ಮಣ್ಣು ಬಂದ್ರೆ ತೊಳೀಬಾರ್ದು, ಹಾಗೇ ಪೆಟ್ಟಿಗೇಲಿಡಬೇಕು. ಅದೇ ಸಾಕ್ಷಿ. ಇವಳಿಗೆ ಯಾರು ಹೇಳಿಕೊಡೋಕೆ ಹೋಗ್ತಾರೆ?"

ಇಬ್ಬರೂ ನಕ್ಕರು. ನಾಯಿ ತಲೆಯೆತ್ತಿ ನೋಡಿ ಮತ್ತೆ ಮಲಗಿತು.

ಮರದ ತುಂಡಿನ ಲೆಕ್ಕ ಬಿಟ್ಟರೆ, ಮೊದಲ ದಿನ ಇದೇ ಕಲ್ಲುನೆಕ್ಕ ನನಗೆ ಹೇಳಿದ್ದು ಒಂದೇ ಮಾತು: "ಚೆನ್ನಾಗಿ ತೊಳಿ." ನಾನು ತೊಳೆದಿದ್ದೆ. ಹುಟ್ಟಿದ ಮಗುವನ್ನು ಮೀಯಿಸಿದ ಹಾಗೆ ಸಂದಿಗೊಂದಿ ಬಿಡದೆ ಉಜ್ಜಿದ್ದೆ. ಲಟ್ಟಣಿಗೆಗೆ ಮೆತ್ತಿಕೊಂಡು ಕೆಂಪು ಮಣ್ಣು ಬಂದಾಗ, ಥೂ, ಇದೆಲ್ಲಿಯ ಕೊಳೆ ಎಂದು ಬ್ರಶ್ಶು ಹಾಕಿದ್ದೆ. ಕೈಚರ್ಮ ಬಿರಿದು ರಕ್ತ ಬರುವವರೆಗೂ ತೊಳೆದು, ನನ್ನ ಮನೆ ಕುಸಿಯುತ್ತದೆ ಎಂದು ಹೇಳುವ ಒಂದೇ ಒಂದು ಸಾಕ್ಷಿಯನ್ನು ನಾನೇ ಮೋರಿಗೆ ಬಿಟ್ಟಿದ್ದೆ.

"ನಿನ್ನ ಮೈದುನನಿಗೆ ಕೆಳಗೆ ಮೇಸ್ತ್ರಿ ಕೆಲಸ," ಎಂದ ಮ್ಯಾನೇಜರು. "ನಿನಗೆ ಕಾಯಂ. ಹೋಗು, ಸಂಜೆ ಒಳಗೆ ಮುಗಿಸು. ಪೇಪರು ಎತ್ತಿಕೊಂಡು ಹೋಗು."

ಪೇಪರು ಮಡಿಸಿ ಎತ್ತಿಕೊಂಡು ಬಂದೆ. ಹೌದು, ಎತ್ತಿಕೊಂಡೇ ಬಂದೆ. ಅದನ್ನು ಮುಚ್ಚಿಟ್ಟು ನನ್ನನ್ನು ದೊಡ್ಡವಳನ್ನಾಗಿ ಮಾಡಿಕೊಳ್ಳುವ ಆಸೆ ನನಗಿಲ್ಲ.

ಶೆಡ್ಡಿಗೆ ಹೋಗಿ ಐದನೇ ತೂತಿನ ಎಂಟನೇ ಪೆಟ್ಟಿಗೆ ಎಳೆದೆ. ಮರದ ತುಂಡುಗಳ ಮೇಲೆ ನನ್ನದೇ ಅಕ್ಷರ: 38ರಿಂದ 41. ತುಂಡು ತೆಗೆದೆ. ಎರಡನೇ ತೂತಿನ ಒಂದು ಲಟ್ಟಣಿಗೆ ಆರಿಸಿ ಒರಟು ಕಲ್ಲಿನ ಮೇಲೆ ಅದರ ಮುಖ ಉಜ್ಜಿದೆ. ಮೊಣಕಾಲ ಮೇಲೆ ಕೂತು, ನೀರು ಚಿಮುಕಿಸಿ, ಭುಜದ ಬಲ ಹಾಕಿ ಉಜ್ಜಿದೆ. ಬಿಳಿ ಕೆನೆಯಂಥ ನೀರು ಬೆರಳ ಬಿರುಕಿಗೆ ಇಳಿದು ಉರಿಯಿತು. ತಿರುಗಿಸಿ, ಅಳತೆ ನೋಡಿ, ಮತ್ತೆ ಉಜ್ಜಿ, ಪೆಟ್ಟಿಗೆಯಲ್ಲಿಟ್ಟೆ. ಕೂಡಿತು. ಉಗುರು ಹಾಕಿದರೂ ಸಿಕ್ಕದ ಹಾಗೆ ಕೂಡಿತು. ನಾನು ಅಷ್ಟು ಒಳ್ಳೆಯ ಕೆಲಸಗಾತಿ. ನನ್ನ ಕೈಯನ್ನೇ ನೋಡಿದೆ. ಶೆಡ್ಡಿನ ಹಿಂದೆ ಹೋಗಿ ಮಧ್ಯಾಹ್ನ ತಿಂದದ್ದನ್ನೆಲ್ಲ ಕಾರಿಕೊಂಡೆ.

ಆಮೇಲೆ ಆ ಕಲ್ಲಿನ ತುಂಡನ್ನು ಕಿತ್ತೆ. ಮರದ ತುಂಡನ್ನು ಮೊದಲಿನ ಹಾಗೆ ಇಟ್ಟೆ. ಮುಚ್ಚಳ ಹಾಕಿ ಮನೆಗೆ ಹೊರಟೆ.

ಮನೆಯಲ್ಲಿ ಅತ್ತೆ ಒಲೆಯ ಮುಂದಿದ್ದಳು. ನನ್ನ ಅತ್ತೆ ಮೂವತ್ತು ವರ್ಷ ಸುತ್ತಿಗೆಯಿಂದ ಜಲ್ಲಿ ಒಡೆದವಳು. ಈಗ ಎದೆಯಲ್ಲಿ ಹುಡಿ ಕೂತು, ಮಾತಿಗಿಂತ ಕೆಮ್ಮು ಜಾಸ್ತಿ. ಆದರೆ ಬರುವ ನಾಲ್ಕು ಮಾತಿನಲ್ಲಿ ಮೂರು ಕುಟುಕುವಂಥವೇ. ನಾನು ಬಾಗಿಲಲ್ಲಿ ನಿಂತು ಒಲೆಯನ್ನೇ ನೋಡಿದೆ. ನುಣ್ಣಗೆ, ಕೆಂಪಗೆ, ಬಿರುಕಿಲ್ಲದೆ ಹೊಳೆಯುತ್ತಿತ್ತು.

ಆಗ ನೆನಪಾಯಿತು. ಮಣ್ಣು ಎಲ್ಲವೂ ಮೋರಿಗೆ ಹೋಗಿರಲಿಲ್ಲ.

ತೂತು ಕೊರೆಯುವಾಗ ಯಂತ್ರದ ನೀರು ಆ ಮಣ್ಣನ್ನು ಮೇಲೆ ತಂದು ಪಕ್ಕದ ಗುಂಡಿಯಲ್ಲಿ ತುಂಬುತ್ತಿತ್ತು. ಮೈದುನ ಒಂದು ಸಲ ಶುಚಿ ಮಾಡಿದರೆ ತೂತು ಮತ್ತೆ ಕಟ್ಟಿಕೊಳ್ಳುತ್ತಿತ್ತು, ಮತ್ತೆ ಶುಚಿ ಮಾಡಿದರೆ ಮತ್ತೆ. ತೆಗೆದಷ್ಟೂ ಬರುತ್ತಿತ್ತು. ಬೆಣ್ಣೆಯಂಥ ಮಣ್ಣು, ಒಂದು ಹರಳಿಲ್ಲ. ಇಂಥ ಮಣ್ಣು ದುಡ್ಡು ಕೊಟ್ಟರೂ ಸಿಗಲ್ಲ ಎಂದು ಅತ್ತೆಯೇ ಮೊದಲು ಡಬ್ಬ ಹಿಡಿದು ಬಂದವಳು. ಅವಳನ್ನು ನೋಡಿ ಇಡೀ ಕಾಲೋನಿಯ ಹೆಂಗಸರು ಬಂದರು. ಮೂವತ್ತೆರಡು ಮನೆಯವರೂ ಒಲೆಗೆ ಬಳಿದುಕೊಂಡರು. ಒಬ್ಬರ ಒಲೆಗಿಂತ ಒಬ್ಬರದು ಚೆಂದ ಎಂದು ಒಂದು ವಾರ ಪೈಪೋಟಿಯೇ ನಡೆದಿತ್ತು. ನಮ್ಮ ಬುದ್ಧಿಗಿಷ್ಟು ಬೆಂಕಿ ಬೀಳಲಿ. ಕಾಲ ಕೆಳಗಿನ ನೆಲ ಟೊಳ್ಳು ಎಂದು ಭೂಮಿಯೇ ಮೇಲೆ ಬಂದು ಹೇಳಿದರೆ, ನಾವು ಅದನ್ನು ತೆಗೆದುಕೊಂಡು ಒಲೆ ಸಿಂಗರಿಸಿದ್ದೆವು.

ಮೈದುನ ಕೈಕಾಲು ತೊಳೆದು ಒಳಗೆ ಬಂದ. ನಾನು ಆಫೀಸಿನಲ್ಲಿ ಕೇಳಿದ್ದನ್ನೆಲ್ಲ ಇಬ್ಬರಿಗೂ ಹೇಳಿದೆ.

"ನಿಂಗೆ ಗೊತ್ತಿತ್ತಾ?" ಎಂದು ಅವನನ್ನು ಕೇಳಿದೆ.

ಅವನು ಗೋಡೆ ನೋಡಿದ. "ಕೈಗೆ ಗೊತ್ತಾಯ್ತು ಅತ್ತಿಗೆ. ಮೂವತ್ತೆಂಟಕ್ಕೆ ರಾಡು ಜಾರಿತು, ಕೆಸರಲ್ಲಿ ಕೋಲು ಚುಚ್ಚಿದ ಹಾಗೆ. ಕೇಳಿದೆ. ನಿನ್ನ ಕೆಲಸ ಕೊರೆಯೋದು, ಕೇಳೋದಲ್ಲ ಅಂದ್ರು."

"ನಮಗ್ಯಾಕೆ ಹೇಳಲಿಲ್ಲ?"

"ಹೇಳಿ ಏನ್ ಮಾಡಬೇಕಿತ್ತು? ಮೇಲಿನ ಗಣಿ ಇನ್ನೆರಡು ವರ್ಷಕ್ಕೆ ಬಂದ್. ಕೆಳಗೆ ಗಣಿ ಆಗಲಿಲ್ಲ ಅಂದ್ರೆ ಎಲ್ಲರೂ ಗಂಟುಮೂಟೆ ಕಟ್ಟೋದೇ. ನನಗೇನು ಕಲ್ಲು ಬಿಟ್ಟು ಬೇರೆ ಬರುತ್ತಾ? ಇದ್ದಷ್ಟು ದಿನ ಉಣ್ಣೋಣ. ಬಿದ್ರೆ ಬೀಳಲಿ. ನಾಳೆಯೇ ಏನು ಬೀಳಲ್ಲ."

"ನೀನು ಕೆಳಗೆ ಇರ್ತೀಯ, ನಾವು ಮೇಲಿರ್ತೀವಿ," ಎಂದೆ. "ಬಿದ್ದಾಗ ಎಲ್ಲರೂ ಒಟ್ಟಿಗೇ ಸಿಗ್ತೀವಿ ಬಿಡು."

ಅವನಿಗೆ ಸಿಟ್ಟು ಬಂತು. "ನೀವು ತುಂಡು ತೆಗೀದಿದ್ರೆ ಇನ್ನೊಬ್ಬರು ತೆಗೀತಾರೆ. ಕೆಲಸ ನಿಮ್ಮದು ಹೋಗುತ್ತೆ, ನಂದೂ ಹೋಗುತ್ತೆ. ಅಷ್ಟೇ ಆಗೋದು."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ಇನ್ನೂ ಅಸಹ್ಯವಾಯಿತು. ನಮ್ಮ ಹಸಿವನ್ನೇ ನಮ್ಮ ಕುತ್ತಿಗೆಗೆ ಹಗ್ಗ ಮಾಡಿ, ಅದರ ತುದಿಯನ್ನು ನಮ್ಮ ಕೈಗೇ ಕೊಟ್ಟಿದ್ದರು.

ಅತ್ತೆ ಒಲೆಯ ಅಂಚಿಗೆ ಬೆರಳಿಟ್ಟು ಕೇಳಿದಳು, "ನಿಮ್ಮಣ್ಣನ ಮೇಲೆ ಬಿದ್ದ ಕಲ್ಲಿನ ಬೆನ್ನಿಗಿತ್ತಲ್ಲ. ಅದೂ ಇದೇ ಮಣ್ಣೇನೋ?"

ಮೈದುನ ಒಲೆಗೆ ಬೆನ್ನು ತಿರುಗಿಸಿದ.

ನನ್ನ ಗಂಡ ಸತ್ತು ಎಂಟು ವರ್ಷ. ಗಣಿಯ ಗೋಡೆಯೇ ಜಾರಿ ಅವನ ಮೇಲೆ ಬಂದಿತ್ತು. ಕಲ್ಲು ಹೊರಳಿಸಿದಾಗ ಅದರ ಬೆನ್ನಿಗೆ ಕೆಂಪು ಮಣ್ಣು ಜಿಡ್ಡಿನ ಹಾಗೆ ಮೆತ್ತಿತ್ತು. ಎತ್ತಲು ಹೋದವರ ಕೈಯಿಂದ ಅವನ ಮೈ ಎರಡು ಸಲ ಜಾರಿತು. ಕಾಗದದಲ್ಲಿ ಕಂಪನಿ ಬರೆದದ್ದು, ಕಾರ್ಮಿಕನ ಅಜಾಗರೂಕತೆ. ಆ ಮಣ್ಣನ್ನು ಮತ್ತೆ ಕೈಯಲ್ಲಿ ಹಿಡಿದಾಗ ನನಗೆ ಗುರುತು ಹತ್ತಬೇಕಿತ್ತು. ಹತ್ತಲಿಲ್ಲ. ಕೊಳೆ ಎಂದುಕೊಂಡೆ.

"ಮಗನನ್ನ ತಿಂದ ಮಣ್ಣಿನ ಮೇಲೆ ಅನ್ನ ಬೇಯಿಸಿ ನಿಮಗೆಲ್ಲ ಬಡಿಸಿದೀನಿ," ಎಂದಳು ಅತ್ತೆ. ದನಿ ಏರಲಿಲ್ಲ. ಮಡಕೆ ಇಳಿಸಿದಳು. ಉರಿಯುವ ಸೌದೆ ಎಳೆದು ನೀರು ಹಾಕಿದಳು. ಮೂಲೆಯಲ್ಲಿದ್ದ ಸುತ್ತಿಗೆ ತೆಗೆದುಕೊಂಡು ಒಲೆಯ ಮೈಗೆ ಒಂದು ಏಟು ಹಾಕಿದಳು. ಬಳಿದ ಮಣ್ಣು ಚಕ್ಕೆ ಚಕ್ಕೆಯಾಗಿ ಎದ್ದು ಬಂತು, ಒಂದು ಕಡೆ ಕೆಂಪು, ಒಂದು ಕಡೆ ಮಸಿ.

"ಡಬ್ಬ ತಾ," ಎಂದಳು ನನಗೆ. "ಕತ್ತಲಾಗೋ ಮುಂಚೆ ಇನ್ನೂ ಮೂವತ್ತೊಂದು ಮನೆ ಇದೆ."

ಮೈದುನ ಅಂದು ಉಣ್ಣದೆ ಎದ್ದು ಹೊರಗೆ ಹೋದ.

ಮರುದಿನ ಬೆಳಿಗ್ಗೆ ಹತ್ತಕ್ಕೆ ದುಡ್ಡು ಹಾಕುವವರು ಬಂದರು, ಮೂವರು. ಮುಂದಿದ್ದವಳು ಒಬ್ಬ ಹೆಂಗಸು, ತಲೆಗೆ ಹೊಸ ಹೆಲ್ಮೆಟ್ಟು, ಕಾಲಿಗೆ ಬೂಟು. ಆಫೀಸಿನ ಅಂಗಳದಲ್ಲಿ ಬೆಂಚು ಹಾಕಿ ಪೆಟ್ಟಿಗೆಗಳನ್ನು ಸಾಲಾಗಿ ಇರಿಸಿದ್ದೆವು. ಬಣ್ಣ ಎದ್ದು ಕಾಣಲೆಂದು ನಾನು ಪೈಪಿನಿಂದ ಕಲ್ಲಿಗೆ ನೀರು ಹಾಯಿಸುತ್ತಿದ್ದೆ. ಮ್ಯಾನೇಜರು ಒಂದು, ಎರಡು, ಮೂರು ತೋರಿಸುತ್ತ ಬಂದ. ಬಾಯಲ್ಲಿ ಏಲಕ್ಕಿ, ಮಾತಲ್ಲಿ ಸಕ್ಕರೆ. ಐದನೆಯದರ ಎಂಟನೇ ಪೆಟ್ಟಿಗೆಯ ಮುಚ್ಚಳ ತೆಗೆಸಿದ. ಮರದ ತುಂಡುಗಳು ಇದ್ದಲ್ಲೇ ಇದ್ದವು.

ಅವನ ಮುಖ ಸುಣ್ಣ ಬಳಿದ ಗೋಡೆಯಾಯಿತು. ಕಲ್ಲುನೆಕ್ಕ ಆಕಾಶ ನೋಡಿದ.

ಅಷ್ಟರಲ್ಲಿ ಗೇಟಿನಲ್ಲಿ ಗಲಾಟೆ. ಕಾಲೋನಿಯ ಹೆಂಗಸರು ತಲೆಯ ಮೇಲೆ ಡಬ್ಬ, ಬಕೆಟ್ಟು, ಮುರುಕು ಬೋಗುಣಿ ಹೊತ್ತು ನಿಂತಿದ್ದರು. ಎಲ್ಲರ ಮುಂದೆ ಅತ್ತೆ. ಕಾವಲುಗಾರ ಕೋಲು ಅಡ್ಡ ಹಿಡಿದ.

"ತಡೀಬೇಡಪ್ಪ," ಎಂದಳು ಅತ್ತೆ. "ಕಂಪನಿ ಮಾಲು ನಮ್ಮನೇಲಿತ್ತು. ವಾಪಸ್ ಕೊಡೋಕೆ ಬಂದಿದೀವಿ. ಕಳ್ಳರಲ್ಲ ನಾವು."

ಬಂದ ಹೆಂಗಸು ತಿರುಗಿ ನೋಡುತ್ತಿದ್ದಳು. ಅವಳ ಎದುರು ಹೊಡೆದು ಓಡಿಸುವ ಧೈರ್ಯ ಕಾವಲುಗಾರನಿಗಾಗಲಿಲ್ಲ. ಕೋಲು ಇಳಿಸಿದ.

ನಾನು ಪೈಪು ಕೆಳಗಿಟ್ಟೆ. ಎಂಟನೇ ಪೆಟ್ಟಿಗೆಯಿಂದ ಮರದ ತುಂಡು ತೆಗೆದೆ. ಅತ್ತೆಯ ಡಬ್ಬಕ್ಕೆ ಕೈ ಹಾಕಿ, ಒಲೆಯ ಮಣ್ಣು ಮುರಿದು ಮುರಿದು ಆ ಖಾಲಿ ಜಾಗಕ್ಕೆ ತುಂಬಿದೆ. ಒಂದು ಮನೆಯ ಮಣ್ಣಿಗೇ ಅರ್ಧ ತುಂಬಿತು. ಇನ್ನೊಬ್ಬಳು ಸುರಿದಳು. ಮತ್ತೊಬ್ಬಳು. ಸಾಲು ತುಂಬಿ, ಪೆಟ್ಟಿಗೆ ತುಂಬಿ, ಬೆಂಚಿನ ಮೇಲೆ ಚೆಲ್ಲಿತು. ಸಾಲಿನಲ್ಲಿ ಇನ್ನೂ ಇಪ್ಪತ್ತೊಂಬತ್ತು ಜನ ಇದ್ದರು.

"ಏನಿದು?" ಎಂದಳು ಬೂಟಿನ ಹೆಂಗಸು.

"ಮೂವತ್ತೆಂಟು ಮೀಟರಿಂದ ನಲವತ್ತೊಂದರವರೆಗೆ ಬಂದಿದ್ದು ಇದು ಮೇಡಂ," ಎಂದೆ. "ನಮ್ಮ ಮನೆಗಳ ಕೆಳಗಿರೋದು. ನಾನು ತಿಳೀದೆ ತೊಳೆದುಬಿಟ್ಟಿದ್ದೆ."

ಮ್ಯಾನೇಜರು ನಕ್ಕ. "ಒಲೆ ಮಣ್ಣು ಮೇಡಂ. ಮಸಿ ನೋಡಿ. ಎಲ್ಲಿಂದಾನೋ ತಂದು ಸುರೀತಿದಾರೆ. ಈ ಜನಕ್ಕೆ ಏನ್ ತಿಳಿಯುತ್ತೆ." ಆಮೇಲೆ ನನ್ನ ಕಡೆ ತಿರುಗಿದ. ಸಕ್ಕರೆ ಕರಗಿತ್ತು. "ಏ, ಪೈಪ್ ತಗೋ. ತೊಳಿ ಇದನ್ನ."

"ತೊಳೆಯಲ್ಲ."

"ಏನಂದೆ?"

"ಹದಿನಾಲ್ಕು ವರ್ಷ ಹೇಳಿದ್ದೆಲ್ಲ ತೊಳೆದೆ. ನಿಮ್ಮ ಕಾರು ತೊಳೆದೆ, ನಿಮ್ಮ ನಾಯಿ ವಾಂತಿ ಮಾಡಿದ್ದು ತೊಳೆದೆ. ಇದನ್ನ ತೊಳೆಯಲ್ಲ."

ಅವನು ಬೆಂಚಿನ ಆ ತುದಿಯಲ್ಲಿ ನಿಂತಿದ್ದ ಮೈದುನನಿಗೆ ಬೆರಳು ತೋರಿದ. "ನೀನು ಬಾ. ನಾಳೆ ಮೇಸ್ತ್ರಿ ಆಗೋನು ನೀನು. ತೊಳಿ."

ಮೈದುನ ಬಂದು ಬಗ್ಗಿ ಪೈಪು ಎತ್ತಿಕೊಂಡ. ಮೂವತ್ತೆರಡು ಮನೆಯ ಹೆಂಗಸರೂ ಅವನನ್ನೇ ನೋಡುತ್ತಿದ್ದರು. ಅತ್ತೆ ಮಾತ್ರ ನೋಡಲಿಲ್ಲ. ಅವಳು ಸೆರಗು ಬಾಯಿಗೆ ಒತ್ತಿ ಕೆಮ್ಮುತ್ತಿದ್ದಳು. ಅವನು ಪೈಪಿನ ಬಾಯಿ ಪೆಟ್ಟಿಗೆಯ ಕಡೆ ಹಿಡಿದ. ಹಿಡಿದವನು ಹಾಗೇ ನಿಂತ. ಆಮೇಲೆ ನಲ್ಲಿಯ ಹತ್ತಿರ ಹೋಗಿ ನೀರು ನಿಲ್ಲಿಸಿದ.

"ರಾಡು ಇಳಿಸಿದ್ದು ನಾನು," ಎಂದ ಬೂಟಿನ ಹೆಂಗಸಿಗೆ. "ಇದೇ ಮಣ್ಣು. ನಾಲ್ಕು ತೂತಲ್ಲಿ ಬಂತು. ತೆಗೆದಷ್ಟೂ ಬರ್ತಿತ್ತು. ನಿಮಗೆ ನಂಬಿಕೆ ಇಲ್ಲ ಅಂದ್ರೆ ಯಂತ್ರ ಇಲ್ಲೇ ಇದೆ, ನಾನೂ ಇಲ್ಲೇ ಇದೀನಿ. ನಿಮ್ಮೆದುರಿಗೇ ಇನ್ನೊಂದು ತೂತು ಹಾಕ್ತೀನಿ."

ಮ್ಯಾನೇಜರಿಗೆ ತಲೆ ಕೆಟ್ಟಿತು. ತಾನೇ ಹೋಗಿ ನಲ್ಲಿ ತಿರುಗಿಸಿ, ಪೈಪು ಕಿತ್ತುಕೊಂಡು ಪೆಟ್ಟಿಗೆಗೆ ಬಿಟ್ಟ. ಪೈಪು ಹಿಡಿದು ಅಭ್ಯಾಸವಿಲ್ಲದವನು. ನೀರು ಅವನ ಹೊಟ್ಟೆಗೇ ಹಾರಿತು. ಮಣ್ಣು ಒಂದು ಕ್ಷಣ ನಿಂತಿತು, ಆಮೇಲೆ ಕರಗಿತು. ಪೆಟ್ಟಿಗೆಯ ಸಾಲುಗಳಿಂದ ಕೆಂಪಗೆ ಇಳಿದು, ಬೆಂಚಿನಿಂದ ಸುರಿದು, ಬಿಳೀ ಅಂಗಳದ ತುಂಬ ಹರಿಯಿತು. ನಡುವೆ ಆಸರೆಗೆ ಏನೂ ಉಳಿಯದೆ, ಅಂಚಿನಲ್ಲಿದ್ದ ಗಟ್ಟಿ ಲಟ್ಟಣಿಗೆಗಳು ಒಂದರ ಮೇಲೊಂದು ಜಾರಿ ಬಿದ್ದವು. ಕಲ್ಲುನೆಕ್ಕ ಬೂಟು ಉಳಿಸಿಕೊಳ್ಳಲು ಕುಣಿಯುತ್ತ ಹಿಂದೆ ಸರಿದ.

"ನೋಡ್ಕೊಳ್ಳಿ ಮೇಡಂ," ಎಂದಳು ಅತ್ತೆ, ಉಸಿರು ಎಳೆದುಕೊಂಡು. "ಒಂದು ಪೈಪ್ ನೀರಿಗೆ ಇಷ್ಟು. ಕೆಳಗೆ ಎಷ್ಟು ನೀರಿದೆ ಅಂತ ಇವರನ್ನೇ ಕೇಳಿ."

ಮ್ಯಾನೇಜರು ಪೈಪು ಹಿಡಿದೇ ನಿಂತಿದ್ದ. ತಾನು ಏನು ಮಾಡಿ ತೋರಿಸಿದೆ ಎಂದು ಅವನಿಗೆ ಆಗ ಹೊಳೆದಿರಬೇಕು.

ಬೂಟಿನ ಹೆಂಗಸು ಬಗ್ಗಿ, ಮುಂದಿನವಳ ಬಕೆಟ್ಟಿನಿಂದ ಒಂದು ಹೆಂಟೆ ತೆಗೆದು ಚೀಲಕ್ಕೆ ಹಾಕಿದಳು. ಪೆನ್ನು ನನ್ನ ಕಡೆ ಚಾಚಿದಳು. "ಎಷ್ಟರಿಂದ ಎಷ್ಟು? ಬರೀರಿ." ನಾನು ಬರೆದೆ. ಅವಳೇನು ನಮ್ಮ ಬಳಗದವಳಲ್ಲ. ನಮ್ಮ ಮನೆ ಬಿದ್ದರೆ ಅವಳ ದುಡ್ಡೂ ಅದರೊಳಗೆ ಬೀಳುತ್ತದೆ, ಅವಳಿಗೆ ಭಯ ಅಷ್ಟರದ್ದೇ. ಹೋಗುವಾಗ ಮ್ಯಾನೇಜರಿಗೆ ಹೇಳಿದಳು, ಬೇರೆಯವರಿಂದ ಹೊಸದಾಗಿ ತೂತು ಹಾಕಿಸುವವರೆಗೆ ಒಂದು ಬಿಡಿಗಾಸೂ ಬರುವುದಿಲ್ಲ ಎಂದು. ಮೂವತ್ತೆರಡು ಮನೆಯ ಹೆಸರನ್ನು ಅವಳು ಎತ್ತಲಿಲ್ಲ.

ಮಾರನೇ ದಿನ ನನ್ನನ್ನು ಆಫೀಸಿಗೆ ಕರೆದರು. ಯಾಕೆಂದು ಗೊತ್ತಿತ್ತು. ಮೈದುನನಿಗೆ ಅರ್ಧ ಗಂಟೆ ಮುಂಚೆಯೇ ಕೆಲಸದಿಂದ ತೆಗೆದ ಚೀಟಿ ಕೊಟ್ಟಿದ್ದರು. ಅಂಗಳ ಇನ್ನೂ ಕೆಸರಾಗಿತ್ತು. ಅದನ್ನು ತೊಳೆಯಲು ಒಬ್ಬರೂ ಬಂದಿರಲಿಲ್ಲ, ಆ ಕೆಸರಿನಲ್ಲೇ ನಡೆದು ಬಂದೆ.

ಜವಾನ ಪೇಪರು ಹಿಡಿದು ಓಡಿಬಂದ. ಹಾಸಿದ. ನಾನು ಅದನ್ನು ದಾಟಿದೆ. ಬಾಗಿಲಿನಿಂದ ಮೇಜಿನವರೆಗೆ, ಮೊದಲ ಸಲ, ಹನ್ನೊಂದು ಹೆಜ್ಜೆ. ಹೊಳೆಯುವ ಕಲ್ಲಿನ ಮೇಲೆ ಹನ್ನೊಂದೂ ಕೆಂಪಗೆ ಬಿದ್ದವು, ಐದು ಬೆರಳೂ ಎಣಿಸಬಹುದಾದ ಹಾಗೆ. ನಾಯಿ ಎದ್ದು ಬಂದು ಅವನ್ನು ಮೂಸಿತು. ಚೀಟಿ ತೆಗೆದುಕೊಂಡು ಮಡಿಸಿ ಸೊಂಟಕ್ಕೆ ಸಿಕ್ಕಿಸಿದೆ.

ಮ್ಯಾನೇಜರು ನೆಲ ನೋಡಿದ. ಅವನ ತುಟಿ ವಕ್ರವಾಯಿತು.

"ಇದನ್ನ ಯಾರು ತೊಳೀತಾರೆ?" ಎಂದ.

"ಪೈಪ್ ಹಿಡಿಯೋದು ನಿಮಗೂ ಬರುತ್ತಲ್ಲ ಸಾರ್," ಎಂದೆ.